ಮಗುವಿನ ಅಳತೆಯ ಕೋಣೆ

ನಮ್ಮ ಮನೆಗಳ ಮಂಚ, ಮೇಜು, ಗೂಟಗಳೆಲ್ಲವೂ ದೊಡ್ಡವರ ಅಳತೆಯವು. ಆದುದರಿಂದ ಮಗುವು ತನ್ನ ಅಂಗಿಗೂ ಪರರ ಕೈಯನ್ನೇ ಕಾಯಬೇಕಾಗುತ್ತದೆ. 1907ರಲ್ಲಿ ರೋಮ್ ನಗರದ ಬಡಜನರ ವಸತಿಯೊಂದರಲ್ಲಿ ವೈದ್ಯೆ ಮರಿಯಾ ಮಾಂಟೆಸ್ಸರಿಯವರು ‘ಮಕ್ಕಳ ಮನೆ’ಯನ್ನು ತೆರೆದರು. ಮಕ್ಕಳೇ ಎತ್ತಿಡಬಲ್ಲ ಹಗುರವಾದ ಪುಟ್ಟ ಮೇಜು ಕುರ್ಚಿಗಳು ಅಲ್ಲಿ ಬಳಕೆಗೆ ಬಂದವು. ಮಲಗುವ ಕೋಣೆಗೂ ಇದೇ ತತ್ತ್ವ ಸಲ್ಲುತ್ತದೆ: ನಡೆಯಬಲ್ಲ ಮಗುವಿಗೆ ತಗ್ಗಾದ ಹಾಸಿಗೆ, ಕೈಗೆಟುಕುವ ಗೂಟ, ಕೆಲವೇ ಆಟಿಕೆಗಳ ಹಲಗೆ.

ಆದರೆ ಸ್ವಾತಂತ್ರ್ಯವೆಂದರೆ ಅಪಾಯಕ್ಕೆ ಒಪ್ಪಿಸುವುದಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಗಮನಿಸಿರಿ. ದಪ್ಪ ಗಾಜಿನ ಒಂದು ಭಾಗದ ಕೆಳಗೆ ಆಳವು ಕಾಣುವಂತೆ ಮಾಡಿ, ಅಂಬೆಗಾಲಿಡುವ 36 ಶಿಶುಗಳನ್ನು ತಾಯಂದಿರಿಂದ ಕರೆಸಿದರು. ಆಳದ ಕಡೆಗೆ ಸಾಗಿದವು ಮೂರೇ. ಆದರೂ ಕೆಲವು ಶಿಶುಗಳು ಮೈ ತಿರುಗಿಸುವಾಗ ಅರಿಯದೆ ಆ ಗಾಜಿನ ಮೇಲೆಯೇ ಭಾರವೂರಿದವು, ಗಾಜಿಲ್ಲದಿದ್ದರೆ ಬೀಳುತ್ತಿದ್ದವು. ಕಣ್ಣು ಅರಿತುದನ್ನು ಕೈಕಾಲುಗಳು ಇನ್ನೂ ಕಲಿತಿರುವುದಿಲ್ಲ.

ಆ ಗಾಜಿನ ಕೆಲಸವನ್ನು ಮನೆಯಲ್ಲಿ ಕೋಣೆಯೇ ಮಾಡಬೇಕು. ಬೀರುವಿನ ಡ್ರಾಯರುಗಳನ್ನು ಎಳೆದು ಮಗುವು ಮೆಟ್ಟಿಲಂತೆ ಹತ್ತಿದರೆ, ಎರಡರ ಒಟ್ಟು ಗುರುತ್ವಕೇಂದ್ರವು ಮುಂಗಾಲುಗಳನ್ನು ದಾಟಿ, ಬೀರು ಮಗುವಿನ ಮೇಲೆಯೇ ಉರುಳಬಹುದು. ಆದ್ದರಿಂದ ಅದರ ಮೇಲ್ಭಾಗವನ್ನು ಗೋಡೆಗೆ ಬಿಗಿಯಿರಿ. ಕಿಟಕಿಗೆ ಸರಳುಗಳಿರಲಿ, ವಿದ್ಯುತ್ ಸಾಕೆಟ್ಟಿಗೆ ಮುಚ್ಚಳವಿರಲಿ. ‘ಮುಟ್ಟಬೇಡ’ ಎನ್ನುವ ಅಗತ್ಯವು ಕಡಿಮೆಯಾದಷ್ಟೂ ಮಗುವು ತಾನೇ ಮುಟ್ಟಿ, ನೋಡಿ, ಕಲಿಯುತ್ತದೆ.