ಬಾಟಲಿಯಲ್ಲಿ ಮಾಗುವ ಒಗರು

ಇಟಲಿಯ ವಾಯವ್ಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳಿಗೆ ಒತ್ತಿಕೊಂಡು, ಪಿಯೆಮೊಂಟೆ ಎಂಬ ಪ್ರಾಂತವಿದೆ. ಅಲ್ಲಿಯ ಆಲ್ಬಾ ಪಟ್ಟಣದ ನೈಋತ್ಯಕ್ಕೆ ಹಬ್ಬಿರುವ ಲಾಂಗೆ ಗುಡ್ಡಗಳಲ್ಲಿ ನೆಬ್ಬಿಯೋಲೋ ಎಂಬ ಕರಿದ್ರಾಕ್ಷಿ ಬೆಳೆಯುತ್ತದೆ. ಅದರಿಂದ ತಯಾರಾಗುವ ಬಾರೋಲೋ ಎಂಬ ಕೆಂಪು ದ್ರಾಕ್ಷಾಮದ್ಯಕ್ಕೆ ಒಂದು ವಿಚಿತ್ರವಾದ ಖ್ಯಾತಿಯುಂಟು: ಹೊಸದಾಗಿರುವಾಗ ಅದು ಬಾಯಿಗೆ ಹಿತವಲ್ಲ. ಅದರ ಒಗರು ನಾಲಗೆಯನ್ನು ಹಿಂಡಿಬಿಡುತ್ತದೆ. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಎಣಿಸಿ 38 ತಿಂಗಳು ಕಳೆಯದೆ ಅದನ್ನು ಮಾರಕೂಡದೆಂದು ಇಟಲಿಯ ನಿಯಮವಿದೆ. ಅವುಗಳಲ್ಲಿ 18 ತಿಂಗಳನ್ನಾದರೂ ಅದು ಮರದ ಪೀಪಾಯಿಯಲ್ಲಿ ಕಳೆಯಬೇಕು. ಕೊಂಡವರು ಕೂಡ ಅನೇಕ ವೇಳೆ ಕೂಡಲೇ ಬಿರಡೆ ತೆಗೆಯುವುದಿಲ್ಲ. ತಂಪಾದ ನೆಲಮಾಳಿಗೆಯಲ್ಲಿ ಹತ್ತು, ಇಪ್ಪತ್ತು, ಒಮ್ಮೊಮ್ಮೆ ಮೂವತ್ತು ವರ್ಷ ಬಾಟಲಿಯನ್ನು ಅಡ್ಡ ಮಲಗಿಸಿಡುತ್ತಾರೆ. ತಂದೆ ಇಟ್ಟುದನ್ನು ಮಗ ತೆರೆಯುವುದುಂಟು.

ಇಷ್ಟು ಕಾಲ ಆ ಬಾಟಲಿಯೊಳಗೆ ನಡೆಯುವುದೇನು? ತೆರೆದಾಗ ಸವಿಯುವವರು ಕೊಂಡಾಡುವ ಗುಣಗಳು ನಿಜವಾಗಿ ಬಟ್ಟಲಿನಲ್ಲಿವೆಯೋ, ಅವರ ಮನಸ್ಸಿನಲ್ಲಿವೆಯೋ? ಈ ಎರಡು ಪ್ರಶ್ನೆಗಳು ನಮ್ಮನ್ನು ಬಹುಕಾಲ ಕಾಡಿವೆ. ವಿದ್ಯಾರ್ಥಿಗಳಿಗೆ ಮದ್ಯದ ಕಥೆಯೇಕೆ ಎಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ನಾವು ಯಾರನ್ನೂ ಕುಡಿಯಲು ಕರೆಯುತ್ತಿಲ್ಲ. ವೃತ್ತಿಯಿಂದ ವೈನನ್ನು ಪರೀಕ್ಷಿಸುವವರೂ ಅದನ್ನು ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ಕೆಳಗೆ ಹೇಳುವ ಪ್ರಯೋಗಗಳಿಗಂತೂ ನೇರಳೆ ಹಣ್ಣು ಮತ್ತು ಚಹದ ಕಷಾಯ ಸಾಕು.

ಪರೀಕ್ಷೆ ಕಣ್ಣಿನಿಂದ ಆರಂಭವಾಗುತ್ತದೆ. ಬಟ್ಟಲನ್ನು ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ದ್ರವದ ಅಂಚನ್ನು ನೋಡುತ್ತಾರೆ. ಎಳೆಯ ಬಾರೋಲೋ ಮಾಣಿಕ್ಯದ ಕೆಂಪು. ಹಳೆಯದು ಇಟ್ಟಿಗೆಯ ಬಣ್ಣ, ಅಂಚಿನಲ್ಲಿ ಕಿತ್ತಳೆಯ ಛಾಯೆ. ದ್ರಾಕ್ಷಿಯ ಸಿಪ್ಪೆಗೆ ಬಣ್ಣ ಕೊಡುವ ವಸ್ತುಗಳಿಗೆ ಆಂಥೋಸಯನಿನ್‌ಗಳೆಂದು ಹೆಸರು. ನಮ್ಮ ನೇರಳೆ ಹಣ್ಣಿನಲ್ಲಿಯೂ ಇರುವುದು ಇವೇ. ನೇರಳೆಯ ರಸಕ್ಕೆ ನಿಂಬೆಹುಳಿ ಹಿಂಡಿದರೆ ಕೆಂಪು ಕಳೆಗಟ್ಟುತ್ತದೆ, ಅಡಿಗೆಯ ಸೋಡಾ ಬೆರೆಸಿದರೆ ಬಣ್ಣ ನೀಲಿಯ ಕಡೆಗೆ ತಿರುಗುತ್ತದೆ. ವೈನು ಆಮ್ಲಗುಣವುಳ್ಳದ್ದಾದುದರಿಂದ ಅದರಲ್ಲಿ ಕೆಂಪೇ ಮೇಲುಗೈ. ಆದರೆ ನೆಬ್ಬಿಯೋಲೋ ಸಿಪ್ಪೆಯಲ್ಲಿ ಬಣ್ಣವೇ ಕಡಿಮೆ. ಇರುವುದರಲ್ಲಿಯೂ ಆಮ್ಲಜನಕಕ್ಕೆ ಬೇಗ ಸೋಲುವ ಬಗೆಯೇ ಹೆಚ್ಚು. ಬಿರಡೆಯ ಮೂಲಕ ವರ್ಷವರ್ಷವೂ ಅತ್ಯಲ್ಪ ಪ್ರಮಾಣದ ಆಮ್ಲಜನಕ ಒಳಗೆ ನುಸುಳುತ್ತಿರುತ್ತದೆ. ವೈನು ಮಾಗುವುದರಲ್ಲಿ ಆಮ್ಲಜನಕದ ಪಾತ್ರವೆಷ್ಟೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1866ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಬಟ್ಟಲನ್ನು ಒಮ್ಮೆ ತಿರುಗಿಸಿ ನಿಲ್ಲಿಸಿದರೆ ಅದರ ಒಳಗೋಡೆಯ ಮೇಲೆ ಹನಿಗಳು ಮೂಡಿ ಕಣ್ಣೀರಿನಂತೆ ಇಳಿಯತೊಡಗುತ್ತವೆ. ಇದು ಉತ್ತಮ ವೈನಿನ ಲಕ್ಷಣವೆಂದು ಹೇಳುವವರಿದ್ದಾರೆ. ಭೌತಶಾಸ್ತ್ರ ಬೇರೆಯೇ ಹೇಳುತ್ತದೆ. ನೀರಿನ ಮೇಲ್ಮೈ ಎಳೆತ ಸೆಂಟಿಮೀಟರಿಗೆ ಸುಮಾರು 72 ಡೈನ್. ಮದ್ಯಸಾರದ್ದು ಸುಮಾರು 22 ಮಾತ್ರ. ಗಾಜಿಗೆ ಅಂಟಿದ ತೆಳುಪೊರೆಯಿಂದ ಮದ್ಯಸಾರ ಬೇಗ ಆವಿಯಾಗಿ ಹೋಗುವುದರಿಂದ ಅಲ್ಲಿ ಮೇಲ್ಮೈ ಎಳೆತ ಹೆಚ್ಚಾಗುತ್ತದೆ. ಹೆಚ್ಚಾದ ಎಳೆತ ಕೆಳಗಿನ ದ್ರವವನ್ನು ಮೇಲಕ್ಕೆಳೆಯುತ್ತದೆ. ಹೀಗೆ ಮೇಲೇರಿದ ದ್ರವ ಭಾರ ತಾಳದೆ ಹನಿಗಟ್ಟಿ ಜಾರುತ್ತದೆ. 1855ರಲ್ಲಿ ಜೇಮ್ಸ್ ಥಾಮ್ಸನ್ ಇದನ್ನು ವಿವರಿಸಿದರು. ಇವರು ಲಾರ್ಡ್ ಕೆಲ್ವಿನ್ನರ ಅಣ್ಣ. ಆದರೂ ಈ ವಿದ್ಯಮಾನ ಹೆಸರು ಪಡೆದಿರುವುದು ಇಟಲಿಯ ಕಾರ್ಲೋ ಮಾರಂಗೋನಿಯವರಿಂದ. 1865ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಒಪ್ಪಿಸಿದ ಇವರು ಮುಂದೆ ಫ್ಲಾರೆನ್ಸಿನ ಒಂದು ಪ್ರೌಢಶಾಲೆಯಲ್ಲಿ ದೀರ್ಘಕಾಲ ಭೌತಶಾಸ್ತ್ರ ಕಲಿಸಿದರು ಎಂಬುದು ಉಪಾಧ್ಯಾಯರಾದ ನಮಗೆ ಸಂತೋಷದ ಸಂಗತಿ. ಒಟ್ಟಿನಲ್ಲಿ, ಕಣ್ಣೀರು ತಿಳಿಸುವುದು ಮದ್ಯಸಾರದ ಇರವನ್ನು; ವೈನಿನ ವಯಸ್ಸನ್ನಾಗಲಿ ಗುಣವನ್ನಾಗಲಿ ಅಲ್ಲ.

ಇನ್ನು ಮೂಗು. ಎಳೆಯ ಬಾರೋಲೋದಲ್ಲಿ ಗುಲಾಬಿ ಮತ್ತು ಡಾಂಬರು, ಹಳೆಯದರಲ್ಲಿ ಒಣಗಿದ ಹೂವು, ತೊಗಲು, ನೆಲದೊಳಗೆ ಬೆಳೆಯುವ ಟ್ರಫಲ್ ಅಣಬೆ, ಹೀಗೆ ಪಟ್ಟಿ ಬೆಳೆಯುತ್ತದೆ. ಇದೆಲ್ಲ ಕವಿಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಹಣ್ಣಿನ ಕಂಪು ಕೊಡುವ ಕೆಲವು ಎಸ್ಟರುಗಳು ಕಾಲಕ್ರಮದಲ್ಲಿ ಒಡೆದು ಹೋಗುತ್ತವೆ. ಡೈಮೀಥೈಲ್ ಸಲ್ಫೈಡ್‌ನಂತಹ ಗಂಧಕದ ಸಂಯುಕ್ತಗಳು ಹೆಚ್ಚುತ್ತವೆ. ಮೂಗಿನ ಸೂಕ್ಷ್ಮತೆಯೂ ಬೆರಗುಗೊಳಿಸುವಂಥದು. ಕೆಲವು ಬಿರಡೆಗಳಲ್ಲಿ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತುವಿರುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಸೇರಿದರೂ ವೈನು ಬೂಷ್ಟು ಹಿಡಿದ ಕಾಗದದಂತೆ ನಾರುತ್ತದೆ. ಹತ್ತು ಲಕ್ಷ ಲೀಟರಿನ ತೊಟ್ಟಿಯನ್ನು ಕೆಡಿಸಲು ಸುಮಾರು ಐದು ಮಿಲಿಗ್ರಾಂ ಸಾಕೆಂದಾಯಿತು! ಮೂವತ್ತು ವರ್ಷ ಕಾಯ್ದ ಬಾಟಲಿ ಹೀಗೆ ಕೆಟ್ಟಿದ್ದರೆ ಅದು ತಿಳಿಯುವುದು ಬಿರಡೆ ತೆಗೆದ ಮೇಲೆಯೇ. ಪ್ರಯೋಗವನ್ನು ಮತ್ತೊಮ್ಮೆ ಮಾಡೋಣವೆಂದರೆ ಇನ್ನು ಮೂವತ್ತು ವರ್ಷ ಬೇಕು.

ಆದರೆ ಇಷ್ಟು ಸೂಕ್ಷ್ಮವಾದ ಮೂಗು ಕಣ್ಣಿನ ಮಾತಿಗೆ ಮರುಳಾಗುತ್ತದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಫ್ರಾನ್ಸಿನ ಬೋರ್ದೋ ನಗರದಲ್ಲಿ, ವೈನ್ ಶಾಸ್ತ್ರ ಕಲಿಯುತ್ತಿದ್ದ 54 ಮಂದಿಗೆ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದರ ವಾಸನೆಯನ್ನು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು. ಹಾಗಾದರೆ ಇಟ್ಟಿಗೆಯ ಬಣ್ಣವನ್ನು ಕಂಡವನ ಮೂಗಿಗೆ ಒಣಗಿದ ಗುಲಾಬಿಯ ವಾಸನೆ ಬಂದಿತೆಂದರೆ ನಾವು ತುಸು ಸಂಶಯದಿಂದಲೇ ಕೇಳಬೇಕಾಗುತ್ತದೆ.

ಕೊನೆಗೆ ಬಾಯಿ. ನಮ್ಮ ಹಿರಿಯರು ಷಡ್ರಸಗಳಲ್ಲಿ ಒಗರನ್ನೂ ಎಣಿಸಿದರು. ಇಂದಿನ ಶರೀರಶಾಸ್ತ್ರಜ್ಞರಲ್ಲಿ ಬಹುಮಂದಿ ಅದನ್ನು ರುಚಿಯೆನ್ನುವುದಕ್ಕಿಂತ ಸ್ಪರ್ಶವೆನ್ನುತ್ತಾರೆ. ಲಾಲಾರಸದಲ್ಲಿರುವ ಕೆಲವು ಪ್ರೋಟೀನುಗಳು ಅಚ್ಚಿಗೆ ಹಾಕಿದ ಎಣ್ಣೆಯಂತೆ ನಾಲಗೆಯನ್ನೂ ಕೆನ್ನೆಯ ಒಳಭಾಗವನ್ನೂ ಜಾರುವಂತೆ ಮಾಡಿರುತ್ತವೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬಂದ ಟ್ಯಾನಿನ್ ಅಣುಗಳು ಈ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟುತ್ತವೆ. ಎಣ್ಣೆ ಆರಿದ ಅಚ್ಚು ಕಿರುಗುಟ್ಟುವಂತೆ ಬಾಯಿಯಲ್ಲಿ ಘರ್ಷಣೆ ಹೆಚ್ಚುತ್ತದೆ, ಅದೇ ಒಗರು. ಹಸಿಯ ಅಡಕೆಯನ್ನು ಅಗಿದವರು ಇದನ್ನು ಬಲ್ಲರು. ಚಹದ ಸೊಪ್ಪನ್ನು ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ ನೋಡಿರಿ. ಅನಂತರ ಅದಕ್ಕೇ ಹಾಲು ಬೆರೆಸಿ ಮತ್ತೆ ನೋಡಿರಿ. ಒಗರು ಬಹುಮಟ್ಟಿಗೆ ಮಾಯವಾಗಿರುತ್ತದೆ. ಲಾಲಾರಸದ ಪ್ರೋಟೀನಿಗೆ ಬದಲಾಗಿ ಹಾಲಿನ ಪ್ರೋಟೀನು ಟ್ಯಾನಿನ್ನಿಗೆ ಸಿಕ್ಕಿರುತ್ತದೆ.

ನೆಲಮಾಳಿಗೆಯ ವರ್ಷಗಳು ಈ ಒಗರನ್ನು ಹೇಗೆ ತಗ್ಗಿಸುತ್ತವೆ? ಟ್ಯಾನಿನ್ ಅಣುಗಳು ಒಂದಕ್ಕೊಂದು ಸೇರಿ ದೊಡ್ಡವಾಗಿ, ಕೊನೆಗೆ ದ್ರವದಲ್ಲಿ ನಿಲ್ಲಲಾರದೆ ಗಷ್ಟಾಗಿ ತಳ ಸೇರುತ್ತವೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದುವು. ಇದು ಸುಳ್ಳಲ್ಲ, ಆದರೆ ಪೂರ್ತಿಯಲ್ಲ. ಆಮ್ಲಗುಣವುಳ್ಳ ವೈನಿನಲ್ಲಿ ಅಣುಸರಪಳಿಗಳು ಸೇರುವಂತೆ ಒಡೆಯುತ್ತಲೂ ಇರುತ್ತವೆ. ಒಡೆದ ತುಂಡುಗಳು ಬಣ್ಣದ ಅಣುಗಳೊಡನೆ ಕೂಡಿ ಹೊಸ ವಸ್ತುಗಳಾಗುತ್ತವೆ. ಹೀಗೆ ಮಾರ್ಪಟ್ಟ ಟ್ಯಾನಿನ್ನಿಗೆ ಪ್ರೋಟೀನನ್ನು ಹಿಡಿಯುವ ಶಕ್ತಿ ಕುಗ್ಗಿರುತ್ತದೆ. ಕಣ್ಣು ಮೂಗುಗಳಿಗಿಂತ ಈ ವಿಷಯದಲ್ಲಿ ನಾವು ನಾಲಗೆಯನ್ನೇ ಹೆಚ್ಚು ನಂಬುತ್ತೇವೆ. ಅದು ಅನುಭವಿಸುವ ಘರ್ಷಣೆಯನ್ನು ಪ್ರಯೋಗಶಾಲೆಯಲ್ಲಿ ಉಪಕರಣಗಳಿಂದಲೂ ಅಳೆಯಬಹುದು.

ಹಳೆಯ ಬಾಟಲಿಯನ್ನು ತೆರೆಯುವವರು ಮೊದಲೇ ಒಂದೆರಡು ದಿನ ಅದನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ. ಅನಂತರ ಕತ್ತಿನ ಕೆಳಗೆ ಮೇಣದಬತ್ತಿ ಹಚ್ಚಿಟ್ಟು, ಅದರ ಬೆಳಕಿನಲ್ಲಿ ನೋಡುತ್ತ, ಕೈ ನಡುಗದಂತೆ ಬಗ್ಗಿಸುತ್ತಾರೆ. ಕತ್ತಿನ ಬಳಿ ಕಪ್ಪು ಎಳೆಯೊಂದು ಕಾಣಿಸಿಕೊಂಡೊಡನೆ ನಿಲ್ಲಿಸುತ್ತಾರೆ. ಮೂವತ್ತು ವರ್ಷಗಳ ಹಿಂದಿನ ಕೆಂಪು ಮತ್ತು ಒಗರಿನ ಒಂದು ಭಾಗ ಆ ಬಾಟಲಿಯ ತಳದಲ್ಲಿ, ಬೆರಳಿಗೆ ಅಂಟುವ ಕಂದುಬಣ್ಣದ ಕೆಸರಾಗಿ ಉಳಿದಿರುತ್ತದೆ.