ಮೋಟಾರು ಸೈಕಲ್ಲಿನ ಎಂಜಿನ್ ಅತಿಯಾಗಿ ಕಾಯುವುದೇಕೆ?
ಮನೆಯಲ್ಲಿಯೇ ಪರೀಕ್ಷಿಸುವ ಕ್ರಮ

ಎತ್ತು ಮೇವು ಬಿಟ್ಟರೆ ಒಕ್ಕಲಿಗನು ಸುಮ್ಮನೆ ಕೂಡುವುದಿಲ್ಲ. ಕಿವಿ ಹಿಡಿದು ಜ್ವರವಿದೆಯೇ ಎಂದು ನೋಡುತ್ತಾನೆ, ಮೂಗು ಒಣಗಿದೆಯೇ ಎಂದು ಮುಟ್ಟುತ್ತಾನೆ, ನಿನ್ನೆ ಏನು ತಿಂದಿತ್ತೆಂದು ಮನೆಯವರನ್ನು ಕೇಳುತ್ತಾನೆ. ಆದರೆ ಎತ್ತಿನ ಅರ್ಧ ಕೆಲಸವನ್ನು ಈಗ ತಾನು ಹೊತ್ತಿರುವ ಮೋಟಾರು ಸೈಕಲ್ಲು ಕಾದು ನಿಂತಾಗ, ಅದೇ ಒಕ್ಕಲಿಗನು ಏನನ್ನೂ ನೋಡದೆ ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋಗುತ್ತಾನೆ. ಅಲ್ಲಿ ಹೇಳಿದಷ್ಟು ಹಣ ಎಣಿಸಿ ಬರುತ್ತಾನೆ. ಗಾಡಿಯ ಜೊತೆ ಕೊಡುವ ಪುಸ್ತಕವು ನಮ್ಮ ಕಡೆ ಕನ್ನಡದಲ್ಲಿ ಸಿಕ್ಕುವುದು ಅಪರೂಪ. ಆದುದರಿಂದ ಈ ವಿಷಯವನ್ನು ನಮ್ಮ ಮಾತಿನಲ್ಲಿ ಬರೆಯುವುದು ಉಪಯುಕ್ತವೆಂದು ತೋರಿತು.

ಕಳೆದ ಮಳೆಗಾಲದ ಕೊನೆಯಲ್ಲಿ ಯಾಲಾಲದ ನಮ್ಮ ಓಣಿಯ ತರುಣನೊಬ್ಬನು ಬಂದು, "ಸರ, ಗಾಡಿ ನಾಕು ಮೈಲು ಹೋಗೂದ್ರಾಗ ಬೆಂಕಿ ಆಗಲತ್ತದ್ರಿ. ಏರಿ ಹತ್ತವಲ್ದು. ಎಂಜಿನ್ ಬೋರ್ ಮಾಡಿಸಬೇಕು ಅಂದಾರ್ರಿ" ಎಂದನು. ದಿನವೂ ಬೆಳಿಗ್ಗೆ ತಾಂಡೂರಿಗೆ ಹಾಲು ಹಾಕಿ ಬರುವುದು ಆ ಗಾಡಿಯಿಂದಲೇ. ಬೋರಿನ ಖರ್ಚಿಗೆಂದು ಅವನು ಮನೆಗಿಟ್ಟ ಒಂದು ಕ್ವಿಂಟಲ್ ತೊಗರಿಯನ್ನು ಮಾರಲು ಹೊರಟಿದ್ದನು. "ತಮ್ಮಾ, ಒಂದು ದಿನ ತಡಿ, ಮೊದಲ ನೋಡೋಣು" ಎಂದೆ. ನೋಡಿದ್ದೇನು, ಕಂಡದ್ದೇನು ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಕಾವಿನ ಮೂಲವನ್ನು ತಿಳಿಯಬೇಕು.

ಕಾವು ಎಲ್ಲಿಂದ ಬರುತ್ತದೆ?

ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ರೂಪಾಯಿಗೆ ಸುಮಾರು ನಾಲ್ಕಾಣೆ ಪಾಲು ಮಾತ್ರ ಗಾಲಿಯನ್ನು ತಿರುಗಿಸಲು ಒದಗುತ್ತದೆ. ಉಳಿದುದೆಲ್ಲ ಕಾವಾಗಿ ಹೋಗುತ್ತದೆ. ಅದರಲ್ಲಿ ಹೆಚ್ಚಿನ ಭಾಗ ಸೈಲೆನ್ಸರಿನ ಹೊಗೆಯೊಂದಿಗೆ ಹೊರಬೀಳುತ್ತದೆ. ಇನ್ನೊಂದು ಭಾಗವನ್ನು ಎಂಜಿನ್ನಿನ ಸುತ್ತ ಪದರು ಪದರಾಗಿ ಕಾಣುವ ಲೋಹದ ರೆಕ್ಕೆಗಳು ಗಾಳಿಗೆ ಬಿಟ್ಟುಕೊಡುತ್ತವೆ. ಒಳಗಿನ ಆಯಿಲ್ ಬರೀ ಜಾರಿಕೆಗೆ ಅಲ್ಲ, ಕಾವನ್ನು ಹೊತ್ತು ತರುವುದೂ ಅದರ ಕೆಲಸ. ಆದುದರಿಂದ ಎಂಜಿನ್ ಅತಿಯಾಗಿ ಕಾಯಬೇಕಾದರೆ ಮೂರೇ ಬಗೆ: ಕಾವು ಹೆಚ್ಚು ಹುಟ್ಟಬೇಕು, ಹೊರಗೆ ಹೋಗಲು ದಾರಿ ಇಲ್ಲದಾಗಬೇಕು, ಇಲ್ಲವೆ ತಿಕ್ಕಾಟ ಹೆಚ್ಚಬೇಕು.

ಒಂದು ಮಾತನ್ನು ಮರೆಯಬಾರದು. ಗಾಳಿಯಿಂದ ತಣಿಯುವ ಎಂಜಿನ್ನಿನ ತಲೆಯು 100 ಡಿಗ್ರಿ ಮೀರಿ ಕಾಯುವುದು ಸಹಜ. ನೀರ ಹನಿ ಚುಂಯ್ ಎಂದ ಮಾತ್ರಕ್ಕೆ ರೋಗವೆನ್ನಲಾಗದು. ಗಾಡಿಯ ಎಳೆತ ಕುಗ್ಗುವುದು, ಏರಿನಲ್ಲಿ ಟಕಟಕ ಸಪ್ಪಳ ಬರುವುದು, ಸುಟ್ಟ ವಾಸನೆ, ಚಾವಿ ತಿರುಗಿಸಿದ ಮೇಲೂ ಎಂಜಿನ್ ಒಂದೆರಡು ಸಲ ಮಿಡಿಯುವುದು, ಕಾದಾಗ ನಿಂತು ಆರಿದ ಮೇಲೆ ಮತ್ತೆ ಚಾಲೂ ಆಗುವುದು ನಿಜವಾದ ಲಕ್ಷಣಗಳು.

ಮೊದಲು ಕೇಳಬೇಕಾದ ಪ್ರಶ್ನೆ

ಯಾವಾಗ ಕಾಯುತ್ತದೆ? ಹೊಲದ ದಾರಿಯಲ್ಲಿ ಎರಡು ಚೀಲ ಹೇರಿ ಒಂದನೆಯ ಗೇರಿನಲ್ಲಿ ಹೋಗುವಾಗ ಮಾತ್ರ ಕಾದರೆ, ಅದು ಗಾಳಿ ಸಾಲದ ಕಾವು. ಡಾಂಬರು ರಸ್ತೆಯಲ್ಲಿ ಖಾಲಿ ಓಡುವಾಗಲೂ ಕಾದರೆ ತಿಕ್ಕಾಟವನ್ನೋ, ಆಯಿಲನ್ನೋ, ಪೆಟ್ರೋಲು-ಗಾಳಿಯ ಮಿಶ್ರಣವನ್ನೋ ಸಂಶಯಿಸಬೇಕು. ರಿಪೇರಿ ಮಾಡಿಸಿ ತಂದ ಮರುದಿನವೇ ಸುರುವಾದರೆ, ರಿಪೇರಿಯಲ್ಲಿ ಕೈ ಹಾಕಿದ ಜಾಗವನ್ನೇ ಮೊದಲು ನೋಡಬೇಕು.

ಪರೀಕ್ಷೆಯ ಕ್ರಮ

ಖರ್ಚಿಲ್ಲದ್ದನ್ನು ಮೊದಲು, ಬಿಚ್ಚುವ ಕೆಲಸವನ್ನು ಕೊನೆಗೆ ಎಂಬುದೇ ಇಲ್ಲಿಯ ಸೂತ್ರ.

1. ರೆಕ್ಕೆಗಳು: ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಚಿಮ್ಮಿದ ಕೆಸರು ರೆಕ್ಕೆಗಳ ಸಂದಿನಲ್ಲಿ ಕೂತು ಇಟ್ಟಂಗಿಯಂತೆ ಸುಡುತ್ತದೆ. ಬೇಸಿಗೆಯಲ್ಲಿ ತಾಂಡೂರಿನ ಕಲ್ಲುಗಣಿಗಳ ಕಡೆಯ ಬಿಳಿ ಧೂಳು ಆಯಿಲಿನ ಜಿಡ್ಡಿಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಕಟ್ಟಿಗೆಯ ಕಡ್ಡಿ, ಬ್ರಷ್ಷು, ನೀರಿನಿಂದ ಸಂದು ಸಂದನ್ನೂ ತೆಗೆಯಬೇಕು. ಎಂಜಿನ್ನಿನ ಮುಂದೆ ಚೀಲ, ಹಾಲಿನ ಕ್ಯಾನು ಅಡ್ಡ ಬರುವಂತೆ ಕಟ್ಟಬಾರದು.

2. ಬ್ರೇಕು ಮತ್ತು ಚೈನು: ನಡುವಿನ ಸ್ಟ್ಯಾಂಡು ಹಾಕಿ, ಗೇರು ಬಿಡಿಸಿ, ಹಿಂದಿನ ಗಾಲಿಯನ್ನು ಕೈಯಿಂದ ತಿರುವಿರಿ. ಸಲೀಸಾಗಿ ತಿರುಗಬೇಕು. ಬ್ರೇಕು ಹಿಡಿದುಕೊಂಡಿದ್ದರೆ ಎಂಜಿನ್ ದಿನವೆಲ್ಲ ಏರು ಹತ್ತಿದಂತೆ ದುಡಿಯುತ್ತದೆ. ಗಾಡಿ ಓಡಿಸಿ ಬಂದ ಮೇಲೆ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಹಾಕಿ. ಅಲ್ಲಿ ಚುಂಯ್ ಎಂದರೆ ಬ್ರೇಕು ಬಿಗಿಯೆಂದು ತಿಳಿಯಿರಿ. ಚೈನು ಬಿಗಿದಿದ್ದರೂ, ಟಾಯರಿನಲ್ಲಿ ಗಾಳಿ ಕಡಿಮೆಯಾದರೂ ಇದೇ ಕಷ್ಟ.

3. ಕ್ಲಚ್ಚು: ಆಕ್ಸಿಲೇಟರ್ ತಿರುವಿದಾಗ ಸಪ್ಪಳ ಏರಿ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಮೊದಲು ಹಿಡಿಕೆಯಲ್ಲಿ ಸಡಿಲು ಇದೆಯೇ ನೋಡಿ. ಸಡಿಲು ಇದ್ದೂ ಜಾರಿದರೆ ಪ್ಲೇಟು ಸವೆದಿರಬಹುದು.

4. ಆಯಿಲ್: 100 ಸಿ.ಸಿ. ಗಾಡಿಯಲ್ಲಿ ಇರುವುದೇ ಸುಮಾರು ಒಂದು ಲೀಟರ್. ಅದರಲ್ಲಿ ಪಾವು ಹೋದರೂ ಪೆಟ್ಟು ದೊಡ್ಡದು. ಗಾಡಿಯನ್ನು ಸಮ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಕಡ್ಡಿಯನ್ನು ಒರೆಸಿ, ಅದ್ದಿ ನೋಡಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚು ತುಂಬುವುದೂ ತಪ್ಪೇ. ಯಾವ ಆಯಿಲ್, ಎಷ್ಟು ಕಿಲೋಮೀಟರಿಗೆ ಬದಲು ಎಂಬುದನ್ನು ಪುಸ್ತಕದಂತೆ ನಡೆಸಬೇಕು.

5. ಏರ್ ಫಿಲ್ಟರು: ಧೂಳು ಕಟ್ಟಿದರೆ ಎಂಜಿನ್ನಿಗೆ ಉಸಿರಾಡಲು ಆಗದು. ಕಾಗದದ ಫಿಲ್ಟರನ್ನು ತೊಳೆಯಬಾರದು, ಬದಲಿಸಬೇಕು. ಫಿಲ್ಟರನ್ನೇ ತೆಗೆದು ಓಡಿಸುವವರೂ ಉಂಟು. ಕಲ್ಲಿನ ಧೂಳು ನೇರ ಸಿಲಿಂಡರಿಗೆ ಹೋಗಿ ಅರೆಯುವುದಕ್ಕೆ ಅದೇ ಹೆಬ್ಬಾಗಿಲು.

6. ಪ್ಲಗ್ಗು: ಇದು ಎಂಜಿನ್ನಿನ ನಾಲಿಗೆ. ಆರಿದ ಮೇಲೆ ಬಿಚ್ಚಿ ನೋಡಿ. ತುದಿ ತಿಳಿ ಕಂದಾಗಿದ್ದರೆ ಆರೋಗ್ಯ. ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಸುಣ್ಣದಂತೆ ಬಿಳುಚಿದ್ದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ, ಅಥವಾ ಪ್ಲಗ್ಗು ಆ ಗಾಡಿಯದಲ್ಲ. ಬಿಳುಪೇ ಅಪಾಯದ ಬಣ್ಣ. ಕಾರ್ಬೋರೇಟರಿನ ಗಾಡಿಯಲ್ಲಿ ಚೋಕು ಸ್ವಲ್ಪ ಎಳೆದಾಗ ಓಟ ಸುಧಾರಿಸಿದರೆ ಪೆಟ್ರೋಲು ಸಾಲುತ್ತಿಲ್ಲವೆಂದು ಅರ್ಥ. ಜೆಟ್ಟಿನಲ್ಲಿ ಕಸವೋ, ಕಾರ್ಬೋರೇಟರಿನ ಹಿಂದುಮುಂದಿನ ರಬ್ಬರಿನಲ್ಲಿ ಬಿರುಕೋ ಇರುತ್ತದೆ.

ಇಷ್ಟರಲ್ಲಿ ತಪ್ಪು ಸಿಕ್ಕದಿದ್ದರೆ ಮೆಕ್ಯಾನಿಕರ ಕೆಲಸ. ವಾಲ್ವಿನ ಸಂದು, ಹಳೆಯ ಗಾಡಿಗಳಲ್ಲಿ ಕಿಡಿಯ ಟೈಮಿಂಗು, ಸೈಲೆನ್ಸರಿನ ಮಸಿ ಇವನ್ನು ಅವರು ನೋಡಲಿ. ಬೋರಿನ ಮಾತು ಎಲ್ಲಕ್ಕೂ ಕೊನೆಯದು. 2020ರ ಏಪ್ರಿಲ್ 1ರ ನಂತರದ ಹೊಸ ಗಾಡಿಗಳಲ್ಲಿ ಬಹುತೇಕ ಕಾರ್ಬೋರೇಟರೇ ಇಲ್ಲ. ಅವುಗಳಲ್ಲಿ ಎಂಜಿನ್ನಿನ ಹಳದಿ ದೀಪ ಆರದೆ ಉಳಿದರೆ ಯಂತ್ರ ಹಚ್ಚಿ ಪರೀಕ್ಷಿಸುವಲ್ಲಿಗೇ ಒಯ್ಯಬೇಕು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಗಾಡಿಗಳನ್ನು ಇಟ್ಟುಕೊಂಡವರು ಪೆಟ್ರೋಲಿಗೆ ಬೆರೆಸುವ ಆಯಿಲಿನ ಅಳತೆಯಲ್ಲಿ ಕೈ ಬಿಗಿ ಹಿಡಿಯಬಾರದು.

ಕಾವಿನಂತೆ ಕಂಡು ಕಾವಲ್ಲದ ದೋಷವೂ ಒಂದುಂಟು. ಕೆಲವು ಮೈಲಿಗೊಮ್ಮೆ ಗಾಡಿ ನಿಂತರೆ ಟಾಂಕಿಯ ಮುಚ್ಚಳ ತೆಗೆದು ನೋಡಿ. ಸುಸ್ ಎಂದು ಗಾಳಿ ಒಳಗೆ ನುಗ್ಗಿ, ಗಾಡಿ ಮತ್ತೆ ನಡೆದರೆ ಮುಚ್ಚಳದ ಸಣ್ಣ ರಂಧ್ರ ಕಟ್ಟಿದೆ, ಅಷ್ಟೆ.

ದಾರಿಯಲ್ಲಿ ಕಾದರೆ

ಎಂಜಿನ್ನಿಗೆ ನೀರು ಸುರಿಯಬಾರದು. ಕಾದ ಹಂಚಿಗೆ ತಣ್ಣೀರು ಸುರಿದಂತೆ ಲೋಹ ಡೊಂಕಾಗಬಹುದು, ಬಿರಿಯಬಹುದು. ಚಾಲೂ ಇಟ್ಟು ನಿಲ್ಲಿಸಲೂ ಬಾರದು. ನಿಂತ ಗಾಡಿಗೆ ಗಾಳಿ ಎಲ್ಲಿಯದು? ಬಂದು ಮಾಡಿ, ನೆರಳಿಗೆ ತಳ್ಳಿ, ಅರ್ಧ ತಾಸು ಕಾಯಿರಿ. ನಂತರ ಆಯಿಲ್ ನೋಡಿಯೇ ಹೊರಡಿರಿ. ಓಡುವಾಗಲೇ ಎಂಜಿನ್ ಬಿಗಿಯುತ್ತಿದೆ ಎನಿಸಿದರೆ ತಕ್ಷಣ ಕ್ಲಚ್ಚು ಹಿಡಿದು ಬದಿಗೆ ಸರಿಯಿರಿ. ಇಲ್ಲವಾದರೆ ಹಿಂದಿನ ಗಾಲಿ ಕಚ್ಚಿ ಬೀಳುವ ಸಂಭವವಿದೆ. ಇದನ್ನು ನಾನು ಪುಸ್ತಕದಿಂದ ಕಲಿತುದಲ್ಲ. ಒಂದು ಬೇಸಿಗೆ ಟಕಟಕ ಸಪ್ಪಳವನ್ನು ಎಂಟು ದಿನ ಕೇಳಿಯೂ ಕೇಳದವನಂತೆ ತಾಂಡೂರಿನ ದಾರಿಯಲ್ಲಿ ಓಡಿಸಿದೆ. ಆಯಿಲ್ ಕಡ್ಡಿಗೆ ಹತ್ತದಷ್ಟು ಇಳಿದಿತ್ತು. ಗಾಡಿ ಕಚ್ಚಿ ನಿಂತಿತು, ಮೊಣಕಾಲು ಕೆತ್ತಿತು, ಅಂದಿನ ಶಾಲೆ ತಪ್ಪಿತು. ತಪ್ಪು ನನ್ನದೇ.

ಇನ್ನು ಆ ತರುಣನ ಗಾಡಿ. ರೆಕ್ಕೆಗಳಲ್ಲಿ ಎರೆ ಮಣ್ಣು ಕಟ್ಟಿತ್ತು. ಅದಲ್ಲದೆ ಹಿಂದಿನ ಗಾಲಿ ಕೈಗೆ ತಿರುಗಲೇ ಇಲ್ಲ. ಹದಿನೈದು ದಿನದ ಹಿಂದೆ ಚೈನು ಬಿಗಿಸಿ ಗಾಲಿಯನ್ನು ಹಿಂದಕ್ಕೆ ಸರಿಸಿದಾಗ ಬ್ರೇಕಿನ ಸಲಾಖೆಯೂ ಬಿಗಿದಿತ್ತು. ಯಾರೂ ಸಡಿಲಿಸಿರಲಿಲ್ಲ. ಪಾನಾದಿಂದ ನಟ್ಟು ನಾಲ್ಕು ಸುತ್ತು ಹಿಂದಕ್ಕೆ ತಿರುವಿದೆವು, ಪೆಡಲಿಗೆ ಒಂದು ಅಂಗುಲದಷ್ಟು ಸಡಿಲು ಬಂದಿತು, ಗಾಲಿ ಸಲೀಸಾಯಿತು. ಮಣ್ಣು ತೆಗೆದು, ಹಳೆಯ ಆಯಿಲ್ ಬದಲಿಸಿದೆವು. ಮರುದಿನ ಹಾಲು ಹಾಕಿ ಬಂದು, "ಸರ, ಗಾಡಿ ಹಗುರ ಆಗ್ಯದ್ರಿ, ಏರಿ ಹತ್ತತದ" ಎಂದನು. ಆಯಿಲಿನ ಡಬ್ಬಿಯ ಹೊರತು ಖರ್ಚಿಲ್ಲ. ತೊಗರಿ ಮನೆಯಲ್ಲಿಯೇ ಉಳಿಯಿತು.

ಬಂಧುಗಳೇ, ಮೆಕ್ಯಾನಿಕರೆಲ್ಲ ಮೋಸಗಾರರೆಂದು ಇದರ ಅರ್ಥವಲ್ಲ. ನೋಡಿಕೊಂಡು ಹೋದವನಿಗೆ ಅವರೂ ನೋಡಿಯೇ ಉತ್ತರ ಹೇಳುತ್ತಾರೆ. ವಾರಕ್ಕೊಮ್ಮೆ, ಎತ್ತಿನ ಮೈ ತೊಳೆಯುವ ಹೊತ್ತಿಗೆ, ಗಾಡಿಯ ರೆಕ್ಕೆ, ಗಾಲಿ, ಆಯಿಲ್ ಈ ಮೂರನ್ನು ನೋಡಿರಿ. ಮಕ್ಕಳಿಗೂ ಕಲಿಸಿರಿ.