ಕಳುವಾದದ್ದೇನು, ಗೊತ್ತಾದದ್ದು ಯಾವಾಗ?

2017ರ ಜುಲೈ 29, ಶನಿವಾರ. ಅಮೆರಿಕದ ಅಟ್ಲಾಂಟಾದಲ್ಲಿರುವ ಇಕ್ವಿಫ್ಯಾಕ್ಸ್ ಕಂಪನಿಯ ಭದ್ರತಾ ಸಿಬ್ಬಂದಿ, ಅವಧಿ ಮುಗಿದು ತಿಂಗಳುಗಳೇ ಕಳೆದಿದ್ದ ಒಂದು ಡಿಜಿಟಲ್ ಸರ್ಟಿಫಿಕೇಟನ್ನು ಹೊಸದಾಗಿ ಹಾಕಿದರು. ಹಾಕಿದ್ದೇ ತಡ, ತಮ್ಮ ಸರ್ವರ್‌ನಿಂದ ಚೀನಾದ ವಿಳಾಸವೊಂದಕ್ಕೆ ಮಾಹಿತಿ ಹರಿಯುತ್ತಿರುವುದು ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಕಳ್ಳರು ಒಳಗೆ ಬಂದು ಸುಮಾರು ಎರಡೂವರೆ ತಿಂಗಳಾಗಿತ್ತು.

ನಮ್ಮಲ್ಲಿ ಸಾಲ ಕೇಳಲು ಹೋದರೆ ಬ್ಯಾಂಕಿನವರು ಸಿಬಿಲ್ ಸ್ಕೋರ್ ನೋಡುತ್ತಾರಲ್ಲ, ಇಕ್ವಿಫ್ಯಾಕ್ಸ್‌ನದೂ ಅದೇ ಕಸುಬು. ಯಾರು ಎಲ್ಲಿ ಎಷ್ಟು ಸಾಲ ಮಾಡಿದ್ದಾರೆ, ಕಂತು ಸರಿಯಾಗಿ ಕಟ್ಟುತ್ತಿದ್ದಾರೆಯೇ ಎಂಬ ಲೆಕ್ಕ ಇಡುವುದು. ಇದರಲ್ಲಿ ಒಂದು ವಿಚಿತ್ರವಿದೆ. ಆ ಕಡತದಲ್ಲಿ ಹೆಸರಿರುವವರಲ್ಲಿ ಹೆಚ್ಚಿನವರು ಕಂಪನಿಯ ಗ್ರಾಹಕರೇ ಅಲ್ಲ. ನನ್ನ ಮಾಹಿತಿ ಇಟ್ಟುಕೊಳ್ಳಿ ಎಂದು ಯಾರೂ ಅದಕ್ಕೆ ಕೊಟ್ಟವರಲ್ಲ; ಬೇಡ ಎಂದು ಹೊರಬರುವ ದಾರಿಯೂ ಇರಲಿಲ್ಲ.

ಕಳ್ಳರು ನುಗ್ಗಿದ್ದು ಅಪಾಚೆ ಸ್ಟ್ರಟ್ಸ್ ಎಂಬ ಉಚಿತ ತಂತ್ರಾಂಶದ ಲೋಪದಿಂದ. ಜಾಲತಾಣಕ್ಕೆ ಕಡತ ಕಳಿಸುವಾಗ, ಇದು ಇಂಥ ಬಗೆಯ ಕಡತ ಎಂದು ಬ್ರೌಸರ್ ಒಂದು ಸಾಲು ಸೇರಿಸಿ ಕಳಿಸುತ್ತದೆ. ಆ ಸಾಲಿನಲ್ಲಿ ಆಜ್ಞೆಯೊಂದನ್ನು ತುರುಕಿದರೆ ಸ್ಟ್ರಟ್ಸ್ ಅದನ್ನು ಓದಿ ಸುಮ್ಮನಾಗುವ ಬದಲು ಪಾಲಿಸಿಯೇ ಬಿಡುತ್ತಿತ್ತು. ಸಾಲದ ದಾಖಲೆಯಲ್ಲಿ ತಪ್ಪಿದೆ ಎಂದು ಜನ ದೂರು ಕೊಡುವ ಪೋರ್ಟಲ್‌ನಲ್ಲಿ ಈ ಲೋಪವಿತ್ತು. ಒಳಗೆ ಹೋದವರಿಗೆ ಪಾಸ್‌ವರ್ಡ್‌ಗಳಿದ್ದ ಕಡತವೊಂದು ಸಿಕ್ಕಿತು, ಅದೂ ಗೂಢಲಿಪಿಯ ರಕ್ಷಣೆ ಇಲ್ಲದೆ. ಆ ಪೋರ್ಟಲ್‌ಗೆ ಸಂಬಂಧವೇ ಇಲ್ಲದ 48 ಡೇಟಾಬೇಸ್‌ಗಳ ಬಾಗಿಲು ತೆರೆದುಕೊಂಡಿತು.

ಹೊರಹೋಗುವ ಮಾಹಿತಿಯನ್ನು ಬಿಚ್ಚಿ ನೋಡುವ ಯಂತ್ರ ಕಂಪನಿಯಲ್ಲಿ ಇತ್ತು. ಆದರೆ ಗೂಢಲಿಪಿಯನ್ನು ಬಿಚ್ಚಲು ಅದಕ್ಕೆ ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟಿನ ಅವಧಿ ಮುಗಿದ ಮೇಲೆ ಯಂತ್ರ ಗೇಟು ಹಾಕಿ ಎಲ್ಲವನ್ನೂ ತಡೆಯಲಿಲ್ಲ. ಕಾವಲುಗಾರನಿಲ್ಲದ ಚೆಕ್‌ಪೋಸ್ಟಿನಂತೆ ಎಲ್ಲವನ್ನೂ ಬಿಟ್ಟುಕೊಟ್ಟಿತು. ವ್ಯವಹಾರ ನಿಲ್ಲಬಾರದೆಂದು ಇಂಥ ಯಂತ್ರಗಳನ್ನು ಹೀಗೆ ಹೊಂದಿಸಿಡುವುದುಂಟು.

ನಷ್ಟದ ಅಂದಾಜು ಶುರುವಾಗುವುದು ಇಲ್ಲಿಂದ. ಸುದ್ದಿಯಲ್ಲಿ ದೊಡ್ಡದಾಗಿ ಬರುವುದು ಎಷ್ಟು ಕೋಟಿ ಜನ ಎಂಬ ಅಂಕಿ. ತನಿಖೆ ಮಾಡುವವರು ಅದಕ್ಕಿಂತ ಮೊದಲು ಕೇಳುವುದು ಹೋದದ್ದು ಯಾವ ಬಗೆಯ ಮಾಹಿತಿ, ಅದನ್ನು ಬದಲಿಸಲು ಬರುತ್ತದೆಯೇ ಎಂದು. ಇಕ್ವಿಫ್ಯಾಕ್ಸ್‌ನಿಂದ ಸುಮಾರು 2.09 ಲಕ್ಷ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಹೋದವು. ಇದು ತಲೆನೋವೇ, ಆದರೆ ಬ್ಯಾಂಕು ಹೊಸ ಕಾರ್ಡ್ ಕೊಟ್ಟರೆ ಹಳೆಯ ಸಂಖ್ಯೆ ಕೆಲಸಕ್ಕೆ ಬಾರದು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಹಾಗಲ್ಲ. ಬೆಂಗಳೂರಿನಿಂದ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ ಬಂದವರಿಗೆ ಇದರ ಮಹಿಮೆ ಗೊತ್ತು: ಬ್ಯಾಂಕ್ ಖಾತೆ, ಸಾಲ, ತೆರಿಗೆ ಎಲ್ಲದರ ಬುಡದಲ್ಲಿ ಅದೊಂದೇ ಸಂಖ್ಯೆ, ಸಾಮಾನ್ಯವಾಗಿ ಜೀವಮಾನಕ್ಕೆ ಒಂದೇ. ಹುಟ್ಟಿದ ದಿನಾಂಕವನ್ನಂತೂ ಬದಲಿಸುವ ಮಾತೇ ಇಲ್ಲ. ಈ ಎರಡೂ ಒಟ್ಟಿಗೆ ಕಳುವಾದರೆ ಅಪಾಯಕ್ಕೆ ಕೊನೆಯ ದಿನಾಂಕವೆಂಬುದು ಇರುವುದಿಲ್ಲ.

ಎಷ್ಟು ಹೋಯಿತೆಂದು ಲೆಕ್ಕ ಹಾಕುವುದು ಹೇಗೆ? ಕಳ್ಳರು ಮೂಲ ಪ್ರತಿಯನ್ನು ಒಯ್ಯುವುದಿಲ್ಲ. ಎಲ್ಲವೂ ಇದ್ದಲ್ಲೇ ಇರುತ್ತದೆ. ಉಳಿಯುವುದು ಲಾಗ್ ಮಾತ್ರ, ಅಂದರೆ ಯಾರು ಯಾವಾಗ ಏನು ಕೇಳಿದರು ಎಂದು ಯಂತ್ರ ತಾನಾಗಿ ಬರೆದಿಡುವ ದಿನಚರಿ. ಕಳ್ಳರು ಸುಮಾರು 9,000 ಬಾರಿ ಡೇಟಾಬೇಸ್‌ಗಳನ್ನು ಕೆದಕಿದ್ದರು. ವೈಯಕ್ತಿಕ ಮಾಹಿತಿ ಸಿಕ್ಕಿದ್ದು 265 ಬಾರಿ ಎಂದು ಅಮೆರಿಕದ ಸಂಸತ್ ಸಮಿತಿಯ ವರದಿ ಹೇಳಿತು. ಸೆಪ್ಟೆಂಬರ್ 7ರಂದು ಕಂಪನಿ ಜನರ ಮುಂದೆ ಬಂದಾಗ ಹೇಳಿದ ಸಂಖ್ಯೆ 14.3 ಕೋಟಿ. ಅಕ್ಟೋಬರ್‌ನಲ್ಲಿ ಅದು 14.55 ಕೋಟಿಯಾಯಿತು, ಮರುವರ್ಷದ ಮಾರ್ಚ್‌ಗೆ ಸುಮಾರು 14.79 ಕೋಟಿ. ಸಂಖ್ಯೆ ಬೆಳೆಯುತ್ತ ಹೋದರೆ ಜನ ಸುಳ್ಳು ಎನ್ನುತ್ತಾರೆ. ನನ್ನ ಮಟ್ಟಿಗೆ ಮೊದಲ ದಿನವೇ ಖಚಿತ ಅಂಕಿ ಒಪ್ಪಿಸುವ ಕಂಪನಿಯ ಮೇಲೆಯೇ ಹೆಚ್ಚು ಅನುಮಾನ. ಲಾಗ್ ಇಲ್ಲದಿದ್ದರೆ ಇನ್ನೂ ಕಷ್ಟ: ಏನೂ ಹೋಗಿಲ್ಲ ಎನ್ನಲು ಪುರಾವೆ ಇರದು, ಎಲ್ಲವೂ ಹೋಗಿದೆ ಎಂದೇ ಎಣಿಸಬೇಕಾಗುತ್ತದೆ. ಲಾಗ್‌ಗಳನ್ನು 180 ದಿನ ಇಟ್ಟಿರಲೇಬೇಕು ಎಂದು ನಮ್ಮ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿದಾಗ ಕಂಪನಿಗಳು ಖರ್ಚಿನ ಮಾತೆತ್ತಿ ಗೊಣಗಿದ್ದುಂಟು. ಖರ್ಚಾಗುವುದು ನಿಜ.

ಕಾನೂನಿನ ಲೆಕ್ಕ ಬೇರೆ. ಕಳುವಾಯಿತು ಎಂಬ ಒಂದೇ ಕಾರಣಕ್ಕೆ ಅದು ಶಿಕ್ಷಿಸುವುದಿಲ್ಲ. ಸಾಕಷ್ಟು ಎಚ್ಚರ ವಹಿಸಿದ್ದಿರಾ ಎಂದು ಕೇಳುತ್ತದೆ. ಆಗ ತಾರೀಖುಗಳು ಸಾಕ್ಷಿ ಹೇಳುತ್ತವೆ. ಸ್ಟ್ರಟ್ಸ್ ಲೋಪವನ್ನು ಮುಚ್ಚುವ ಪ್ಯಾಚ್ ಬಂದದ್ದು 2017ರ ಮಾರ್ಚ್ 7ಕ್ಕೆ. ಮರುದಿನ ಸರ್ಕಾರಿ ಸಂಸ್ಥೆ ಎಚ್ಚರಿಸಿತು. 9ರಂದು 48 ಗಂಟೆಯೊಳಗೆ ಸರಿಪಡಿಸಿ ಎಂದು ಕಂಪನಿಯೊಳಗೇ ಇಮೇಲ್ ಹೋಯಿತು. ಇಮೇಲ್ ವಿಳಾಸಗಳ ಪಟ್ಟಿ ಹಳೆಯದಾಗಿದ್ದರಿಂದ ತಲುಪಬೇಕಾದವರಿಗೆ ಅದು ತಲುಪಲಿಲ್ಲ. 15ರಂದು ನಡೆಸಿದ ಸ್ಕ್ಯಾನ್‌ಗೂ ಲೋಪ ಸಿಗಲಿಲ್ಲ. ಮೇ 13ಕ್ಕೆ ಕಳ್ಳರು ಬಂದರು. ಆ ಇಮೇಲೇ ಕಂಪನಿಗೆ ಉರುಳಾಯಿತು: ಗೊತ್ತಿರಲಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಈ ಅನಾಹುತವನ್ನು ಪೂರ್ತಿ ತಪ್ಪಿಸಬಹುದಿತ್ತು ಎಂದು ಸಂಸತ್ ಸಮಿತಿ 2018ರ ಡಿಸೆಂಬರ್‌ನಲ್ಲಿ ಬರೆಯಿತು. ಕಳವಿನ ಹಿಂದೆ ಚೀನಾ ಸೇನೆಯ ನಾಲ್ವರಿದ್ದಾರೆಂದು ಅಮೆರಿಕ 2020ರಲ್ಲಿ ಆರೋಪ ಹೊರಿಸಿತು ನಿಜ. ಕಳ್ಳ ಎಷ್ಟೇ ಬಲಶಾಲಿಯಾಗಿರಲಿ, ಬಾಗಿಲು ಹಾಕದವನ ಹೊಣೆ ಅದರಿಂದ ಕಡಿಮೆಯಾಗಲಿಲ್ಲ.

ಅಂದಾಜು ಮಾಡುವ ಕೆಲಸವನ್ನು ಎಲ್ಲರಿಗಿಂತ ಚುರುಕಾಗಿ ಮಾಡಿದವನು ಕಂಪನಿಯ ಒಂದು ವಿಭಾಗದ ತಂತ್ರಜ್ಞಾನ ಮುಖ್ಯಸ್ಥ. ಸುದ್ದಿ ಹೊರಬೀಳುವ ಮೊದಲೇ ವಾಸನೆ ಹಿಡಿದ ಆತ, 2015ರಲ್ಲಿ ಇದೇ ಕಸುಬಿನ ಎಕ್ಸ್‌ಪೀರಿಯನ್ ಕಂಪನಿಯಲ್ಲಿ ಇಂಥದ್ದೇ ಸೋರಿಕೆಯಾದಾಗ ಅದರ ಷೇರು ಎಷ್ಟು ಬಿದ್ದಿತ್ತು ಎಂದು ಅಂತರ್ಜಾಲದಲ್ಲಿ ಹುಡುಕಿ ನೋಡಿ, ಅದೇ ಬೆಳಿಗ್ಗೆ ತನ್ನ ಷೇರುಗಳನ್ನು ಮಾರಿದ. ನಾಲ್ಕು ತಿಂಗಳು ಜೈಲಾಯಿತು.

ಬ್ರಿಟನ್ನಿನ ಮಾಹಿತಿ ಆಯುಕ್ತರು 2018ರಲ್ಲಿ ಇಕ್ವಿಫ್ಯಾಕ್ಸ್‌ಗೆ ಹಾಕಿದ ದಂಡ 5 ಲಕ್ಷ ಪೌಂಡ್. ಕಳವು ನಡೆದಾಗ ಜಾರಿಯಲ್ಲಿದ್ದ 1998ರ ಕಾಯ್ದೆಯಲ್ಲಿ ಅದೇ ಗರಿಷ್ಠ ಮೊತ್ತ. ವಾರ್ಷಿಕ ವಹಿವಾಟಿನ ಶೇ 4ರವರೆಗೆ ದಂಡ ಹಾಕಬಹುದಾದ ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಕಂಪನಿ ಕೂದಲೆಳೆಯಲ್ಲಿ ಪಾರಾಯಿತು. ಅಮೆರಿಕದಲ್ಲಿ ಮಾತ್ರ 2019ರ ಜುಲೈನಲ್ಲಿ ಕನಿಷ್ಠ 57.5 ಕೋಟಿ, ಹೆಚ್ಚೆಂದರೆ 70 ಕೋಟಿ ಡಾಲರ್‌ಗೆ ರಾಜಿಯಾಗಬೇಕಾಯಿತು. ನಗದು ಬೇಕೆಂದವರಿಗೆ ತಲಾ 125 ಡಾಲರ್ ಎಂದಿದ್ದರು. ಅದಕ್ಕೆ ತೆಗೆದಿಟ್ಟಿದ್ದು ಬರೀ 3.1 ಕೋಟಿ ಡಾಲರ್; ಜನ ಮುಗಿಬಿದ್ದ ಮೇಲೆ, ಅಷ್ಟು ಸಿಗುವುದಿಲ್ಲ ಎಂದು ಸರ್ಕಾರವೇ ಹೇಳಬೇಕಾಯಿತು.

ನಮ್ಮಲ್ಲಿ? ಸೋರಿಕೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ಆದೇಶ ಈಗಾಗಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ, ಸೋರಿಕೆ ಮುಚ್ಚಿಟ್ಟರೆ 200 ಕೋಟಿವರೆಗೆ ದಂಡವಿದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ. ಇವಕ್ಕೆ ಸಜ್ಜಾಗಲು ಕಂಪನಿಗಳಿಗೆ 18 ತಿಂಗಳು ಕೊಡಲಾಗಿದೆ. ದಂಡ ನಿಗದಿ ಮಾಡುವಾಗ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿ ನೋಡಬೇಕಾದದ್ದು ಯಾವ ಬಗೆಯ ಮಾಹಿತಿ ಹೋಯಿತು, ಎಷ್ಟು ಕಾಲ ಹೋಯಿತು, ಮತ್ತೆ ಮತ್ತೆ ಆಯಿತೇ, ಹಾನಿ ತಗ್ಗಿಸಲು ಕಂಪನಿ ಏನು ಮಾಡಿತು ಎಂಬುದನ್ನು. ಇಷ್ಟು ಸರಿಯಾಗಿದೆ. ಆದರೆ ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರು ಕಂಪನಿಯಿಂದ ಪರಿಹಾರ ಕೇಳಲು ಐಟಿ ಕಾಯ್ದೆಯಲ್ಲಿದ್ದ 43ಎ ಕಲಮನ್ನು ಹೊಸ ಕಾಯ್ದೆ ತೆಗೆದುಹಾಕುತ್ತದೆ. ಅಮೆರಿಕದವರು 125 ಡಾಲರ್ ಪೂರ್ತಿ ಸಿಗಲಿಲ್ಲವೆಂದು ಜಗಳವಾಡಿದರು. ಇಲ್ಲಿ ಸೋರಿಕೆಯಾದ ಮೇಲೆ ಕಂಪನಿ ನಮಗೆ ಕೊಡಬೇಕಾದದ್ದು ಒಂದು ಸೂಚನೆ: ಏನಾಯಿತು, ಅದರಿಂದ ಏನಾಗಬಹುದು, ನೀವು ವಹಿಸಬೇಕಾದ ಎಚ್ಚರ ಏನು, ವಿವರ ಬೇಕಿದ್ದರೆ ಯಾರನ್ನು ಕೇಳಬೇಕು.